ಪಂಜರದ ಬಾಗಿಲು ಮತ್ತು ಅಭಯದಾನ

ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ ಎಂಬ ನಾಲ್ಕು ದಾನಗಳ ಹೆಸರು ಕೇಳದ ಜೈನ ಮನೆ ಇರಲಾರದು. ಇವುಗಳಲ್ಲಿ ಮೊದಲ ಮೂರಕ್ಕೆ ಕೊಡುವ ವಸ್ತುವೊಂದು ಇದೆ. ಅನ್ನವನ್ನು ಅಳೆಯಬಹುದು, ಔಷಧವನ್ನು ತೂಗಬಹುದು, ಗ್ರಂಥವನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಬಹುದು. ಅಭಯಕ್ಕೆ ಅಂತಹ ಆಕಾರವಿಲ್ಲ. ಹೆದರಿದ ಜೀವಿಯ ಹೆದರಿಕೆಯನ್ನು ಕಳೆಯುವುದೇ ಅದರ ಸ್ವರೂಪ. ಆಕಾರವಿಲ್ಲದ ಈ ದಾನವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲದಿಂದಲೇ, ಪಂಜರದ ಹಕ್ಕಿಯನ್ನು ಹಣ ಕೊಟ್ಟು ಬಿಡಿಸುವ ಪದ್ಧತಿ ಬೆಳೆದಿರಬೇಕು.

ಯಾತ್ರೆಯ ನಿಮಿತ್ತ ಉತ್ತರ ಹಾಗೂ ಪಶ್ಚಿಮ ಭಾರತದ ನಗರಗಳಿಗೆ ಹೋಗಿಬಂದ ಶ್ರಾವಕರಲ್ಲಿ ಕೆಲವರಾದರೂ ಇಂತಹ ದೃಶ್ಯವನ್ನು ಕಂಡಿರಬಹುದು. ಪರ್ವದ ದಿನದ ಬೆಳಿಗ್ಗೆ, ಜಿನಮಂದಿರದ ದಾರಿಯಲ್ಲಿ, ಬಟ್ಟೆ ಮುಚ್ಚಿದ ಒಂದು ಪಂಜರ. ಹಿಡಿಯೊಳಗೆ ಅಡಗುವಷ್ಟು ಚಿಕ್ಕದಾದ ಕೆಂಪು ಹಕ್ಕಿಗಳು ಅದರೊಳಗೆ ಒಂದಕ್ಕೊಂದು ಒತ್ತಿಕೊಂಡು ಕುಳಿತಿವೆ. ದರ್ಶನ ಮುಗಿಸಿ ಬಂದ ಕುಟುಂಬವೊಂದು ಅಲ್ಲಿ ನಿಲ್ಲುತ್ತದೆ. ತಂದೆ ಹಣ ಎಣಿಸಿ ಕೊಡುತ್ತಾನೆ, ಮಗುವಿನ ಕೈಯಿಂದ ಬಾಗಿಲು ತೆರೆಸುತ್ತಾನೆ, ತಾಯಿ ಕೈಮುಗಿಯುತ್ತಾಳೆ. ಹಕ್ಕಿಗಳು ತಡವರಿಸುತ್ತಾ ಹೊರಬಂದು ಹತ್ತಿರದ ಗೋಡೆಯನ್ನು ಸೇರುತ್ತವೆ. ಮಗು ಚಪ್ಪಾಳೆ ತಟ್ಟುತ್ತದೆ. ಆ ಕ್ಷಣದಲ್ಲಿ ಆ ಮೂವರ ಮನಸ್ಸಿನಲ್ಲಿ ದಯೆಯ ಹೊರತು ಬೇರೇನೂ ಇಲ್ಲ. ಹೀಗಿದ್ದರೂ ಅವರು ಮಾಡಿದ್ದು ಅಭಯದಾನವೇ ಎಂಬ ಪ್ರಶ್ನೆ ಉಳಿದುಕೊಳ್ಳುತ್ತದೆ. ಸಮ್ಯಕ್‌ಚಾರಿತ್ರಕ್ಕೆ ಸಮ್ಯಗ್ಜ್ಞಾನ ಮೊದಲು ಬೇಕೆಂಬುದು ಜಿನಮತದ ಸಿದ್ಧಾಂತ. ಆದುದರಿಂದ ಆ ಹಕ್ಕಿ ಯಾವುದು, ಎಲ್ಲಿಂದ ಬಂತು, ಬಾಗಿಲು ತೆರೆದ ಮೇಲೆ ಎಲ್ಲಿಗೆ ಹೋಯಿತು ಎಂಬುದನ್ನು ಮೊದಲು ತಿಳಿಯಬೇಕು.

ಹೀಗೆ ಮಾರಾಟಕ್ಕೆ ಬರುವ ಹಕ್ಕಿಗಳಲ್ಲಿ ಮುಖ್ಯವಾದುದು ಕೆಂಪು ರಾಟವಾಳ. ಹಿಂದಿಯಲ್ಲಿ ಇದನ್ನು ಲಾಲ್ ಮುನಿಯಾ ಎನ್ನುತ್ತಾರೆ. ಹಾಡುಹಕ್ಕಿಗಳ ದೊಡ್ಡ ಗಣಕ್ಕೆ ಸೇರಿದ ಇದರ ಉದ್ದ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು 10 ಸೆಂಟಿಮೀಟರ್. ತೂಕ ಒಂದು ತೊಲಕ್ಕಿಂತಲೂ ಕಡಿಮೆ. ಭಾರತದ ಬಯಲುಗಳಿಂದ ಆಗ್ನೇಯ ಏಷ್ಯಾದವರೆಗೆ ಇದರ ನೆಲೆ ಹರಡಿದೆ. ಕೆರೆಯಂಚಿನ ಜೊಂಡು, ಎತ್ತರದ ಹುಲ್ಲು, ಕಬ್ಬಿನ ಗದ್ದೆ, ನೀರಿನ ಹತ್ತಿರದ ಪೊದೆಗಳು ಇದಕ್ಕೆ ಪ್ರಿಯ. ಕರ್ನಾಟಕದಲ್ಲಿಯೂ ಇಂತಹ ಜಾಗಗಳಲ್ಲಿ ಇದು ಕಾಣಸಿಗುತ್ತದೆ. ಮುಖ್ಯ ಆಹಾರ ಹುಲ್ಲಿನ ಬೀಜ. ಮಳೆ ಬಿದ್ದ ಮೇಲೆ ಗೆದ್ದಲು ಮುಂತಾದ ಸಣ್ಣ ಕೀಟಗಳನ್ನೂ ಹಿಡಿಯುತ್ತದೆ.

ವರ್ಷದ ಬಹುಭಾಗ ಗಂಡೂ ಹೆಣ್ಣೂ ಒಂದೇ ಬಗೆಯ ಕಂದು ಬಣ್ಣದಲ್ಲಿರುತ್ತವೆ. ಬಾಲದ ಬುಡದಲ್ಲಿ ಮಾತ್ರ ಕೆಂಪು. ಮರಿ ಮಾಡುವ ಕಾಲ ಹತ್ತಿರವಾದಂತೆ ಗಂಡಿನ ಮೈಯೆಲ್ಲ ಕಡುಗೆಂಪಾಗಿ, ಅದರ ಮೇಲೆ ಅಕ್ಷತೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಮೂಡುತ್ತವೆ. ಕೊಕ್ಕಿನ ಬಣ್ಣವೂ ಋತುವಿಗೆ ತಕ್ಕಂತೆ ಬದಲಾಗುತ್ತದೆ: ಬೇಸಿಗೆಯ ಕೊನೆಯಲ್ಲಿ ಕೆಂಪಾಗತೊಡಗಿ ವರ್ಷದ ಕೊನೆಗೆ ಗಾಢವಾಗುತ್ತದೆ, ಏಪ್ರಿಲ್ ವೇಳೆಗೆ ಕಪ್ಪಾಗುತ್ತದೆ. ಇದು ಗೂಡು ಕಟ್ಟುವುದು ಮಳೆಗಾಲದಲ್ಲಿ ಮತ್ತು ಅದರ ನಂತರದ ತಿಂಗಳುಗಳಲ್ಲಿ. ಹುಲ್ಲು ತೆನೆಗಟ್ಟಿ ಬೀಜ ಧಾರಾಳವಾಗಿ ಸಿಗುವ ಕಾಲವದು. ಹುಲ್ಲಿನ ಗರಿಗಳನ್ನು ಸುತ್ತಿ, ಪಕ್ಕದಲ್ಲಿ ಬಾಗಿಲಿರುವ ಚೆಂಡಿನಂತಹ ಗೂಡನ್ನು ಪೊದೆಯ ತಗ್ಗಿನಲ್ಲಿ ಕಟ್ಟುತ್ತದೆ. ಐದಾರು ಬಿಳಿಯ ಮೊಟ್ಟೆಗಳು. ಕಾವು ಕೊಡುವ ಕೆಲಸವನ್ನೂ ಮರಿಗಳಿಗೆ ಉಣಿಸುವ ಕೆಲಸವನ್ನೂ ಗಂಡು ಹೆಣ್ಣು ಹಂಚಿಕೊಳ್ಳುತ್ತವೆ.

ಈ ಹಕ್ಕಿ ಒಂಟಿಯಾಗಿ ಬಾಳುವುದಿಲ್ಲ. ಹಾರುವಾಗಲೂ ಒಂದು ಸಣ್ಣ ಸ್ವರವನ್ನು ಬಿಡದೆ ಹೊರಡಿಸುತ್ತಾ ಜೊತೆಯವರಿಗೆ ತಾನಿರುವ ಜಾಗವನ್ನು ತಿಳಿಸುತ್ತಿರುತ್ತದೆ. ವಿಶ್ರಾಂತಿಯ ವೇಳೆ ಹಲವು ಹಕ್ಕಿಗಳು ಒಂದೇ ಕಡ್ಡಿಯ ಮೇಲೆ ಮೈಗೆ ಮೈ ತಾಗಿಸಿ ಸಾಲಾಗಿ ಕುಳಿತು ಪರಸ್ಪರ ಗರಿ ತಿದ್ದುತ್ತವೆ. ಗಂಡಿನಂತೆ ಹೆಣ್ಣೂ ಹಾಡುತ್ತದೆ. ಕಿವಿಗೊಟ್ಟರೆ ಮಾತ್ರ ಕೇಳುವ, ಸಣ್ಣ ಗಂಟೆಯ ನಾದದಂತಹ ಹಾಡು. ಜೈನ ಪರಿಭಾಷೆಯಲ್ಲಿ ಇದು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ: ಐದು ಇಂದ್ರಿಯಗಳೂ ಮನಸ್ಸೂ ಇರುವ ಜೀವ. ಭಯ, ಸಂಗ, ವಿರಹ ಇವೆಲ್ಲ ಅದರ ಅನುಭವಕ್ಕೆ ಬರುತ್ತವೆ ಎಂದು ಒಪ್ಪಲು ಶ್ರಾವಕನಿಗೆ ಬೇರೆ ಪ್ರಮಾಣ ಬೇಕಿಲ್ಲ.

ಇದರ ಅಂದವೇ ಇದಕ್ಕೆ ಬಂಧನವಾಯಿತು. ಅದರ ವೈಜ್ಞಾನಿಕ ನಾಮದಲ್ಲಿಯೇ ಈ ಕಥೆ ಅಡಗಿದೆ. ಅಮಂದವ ಎಂಬ ಆ ಹೆಸರು ಅಹಮದಾಬಾದ್ ಎಂಬ ಊರಿನ ಹೆಸರು ವಿದೇಶೀಯರ ಬಾಯಲ್ಲಿ ತಿರುಚಿ ಆದದ್ದು. 1672ರಿಂದ ಸುಮಾರು ಹತ್ತು ವರ್ಷ ಭಾರತ ಹಾಗೂ ಪರ್ಷಿಯಾಗಳಲ್ಲಿ ಸಂಚರಿಸಿದ ಇಂಗ್ಲಿಷ್ ವೈದ್ಯ ಜಾನ್ ಫ್ರಯರ್, 1698ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಅಹಮದಾಬಾದಿನಿಂದ ಬರುವ ಕೆಂಪು ಬಿಳಿ ಚುಕ್ಕೆಯ ಸಣ್ಣ ಹಕ್ಕಿಗಳನ್ನು ಪಂಜರಕ್ಕೆ ಐವತ್ತರಂತೆ ಇಡುವುದನ್ನೂ, ಒಂದು ಹಾಡಲು ತೊಡಗಿದರೆ ಉಳಿದವು ದನಿಗೂಡಿಸುವುದನ್ನೂ ಮೆಚ್ಚಿ ಬರೆದಿದ್ದಾನೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಜೀವಿಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದಾಗ ಆ ಊರಿನ ಹೆಸರೇ ಹಕ್ಕಿಯ ಹೆಸರಾಗಿ ನಿಂತಿತು. ಮುಂದೆ ಹಡಗುಗಳ ಮೂಲಕ ದೂರದೇಶಗಳಿಗೆ ಹೋದ ಈ ಹಕ್ಕಿ ಪಂಜರಗಳಿಂದ ತಪ್ಪಿಸಿಕೊಂಡೋ ಬಿಡಲ್ಪಟ್ಟೋ ಸ್ಪೇನ್, ಫಿಜಿ ಮುಂತಾದ ಕಡೆಗಳಲ್ಲಿಯೂ ನೆಲೆಸಿದೆ. ಜೀವದಯೆಗೆ ಹೆಸರಾದ, ಜೈನ ಶ್ರೇಷ್ಠಿಗಳು ಶತಮಾನಗಳ ಕಾಲ ಬಾಳಿ ಬೆಳಗಿದ ಒಂದು ನಗರದ ಹೆಸರು ಲೋಕದ ಪಕ್ಷಿಶಾಸ್ತ್ರದಲ್ಲಿ ಪಂಜರದ ಹಕ್ಕಿಯ ಹೆಸರಾಗಿ ಉಳಿದಿರುವುದು ಯಾರ ಮನಸ್ಸನ್ನಾದರೂ ಒಂದು ಗಳಿಗೆ ನಿಲ್ಲಿಸುವ ಸಂಗತಿ.

ಇನ್ನು ಹಕ್ಕಿ ಪಂಜರಕ್ಕೆ ಬರುವ ಬಗೆ. ಹುಲ್ಲುಗಾವಲಿನಲ್ಲಿ ಬಲೆ ಹಾಸಿ, ಅದರ ಬಳಿ ದೀವದ ಹಕ್ಕಿಯೊಂದನ್ನು ಕಟ್ಟುತ್ತಾರೆ. ಅದರ ಕರೆ ಕೇಳಿ ಹಿಂಡು ಇಳಿಯುತ್ತದೆ. ಜೊತೆಗಾರರನ್ನು ಬಿಟ್ಟಿರಲಾರದ ಅದರ ಸ್ವಭಾವವೇ ಅದನ್ನು ಹಿಡಿದುಕೊಡುತ್ತದೆ. ಹಿಡಿದವುಗಳನ್ನು ಇಕ್ಕಟ್ಟಾದ ಬುಟ್ಟಿಗಳಲ್ಲಿ ತುಂಬಿ, ಯಾರಿಗೂ ಕಾಣದಂತೆ ಮುಚ್ಚಿ, ಊರಿಂದೂರಿಗೆ ಸಾಗಿಸುತ್ತಾರೆ. ಒಂದು ತೊಲಕ್ಕೂ ಕಡಿಮೆ ತೂಗುವ ಮೈಯಲ್ಲಿ ಶೇಖರವಾಗಿರುವ ಶಕ್ತಿ ಅತ್ಯಲ್ಪ. ಕೆಲವು ಗಂಟೆಗಳ ಹಸಿವು, ಬಾಯಾರಿಕೆ, ಸೆಕೆಗಳನ್ನೂ ತಾಳದೆ ದಾರಿಯಲ್ಲೇ ಸಾಯುವ ಹಕ್ಕಿಗಳು ಹಲವು. ಅವು ಯಾವ ಮಂದಿರದ ಬಾಗಿಲಿಗೂ ಬರುವುದಿಲ್ಲ. ಕೊಳ್ಳುವವನ ಕಣ್ಣಿಗೆ ಬೀಳುವುದು ಉಳಿದವು ಮಾತ್ರ. ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಅವರು ದೇಶದ ಹಕ್ಕಿ ಮಾರುಕಟ್ಟೆಗಳನ್ನು ಅಧ್ಯಯನ ಮಾಡಿ 1990ರ ದಶಕದಲ್ಲಿ ಬರೆದ ವರದಿಗಳಲ್ಲಿ, ಸಾಕುವುದಕ್ಕೆ ಕೊಳ್ಳುವವರ ಜೊತೆಗೆ ಪುಣ್ಯಕ್ಕಾಗಿ ಬಿಡಿಸುವವರಿಂದಲೂ ಈ ವ್ಯಾಪಾರ ನಡೆಯುತ್ತದೆ ಎಂಬುದು ದಾಖಲಾಗಿದೆ. ರಾಟವಾಳಗಳಿಗೆ ಬಣ್ಣ ಬಳಿದು ಬೇರೆ ಹಕ್ಕಿಗಳೆಂದು ಮಾರುವುದೂ ಉಂಟು.

ಬಾಗಿಲು ತೆರೆದ ಮೇಲಿನ ಕಥೆ ಇನ್ನೂ ಚಿಕ್ಕದು. ನಗರದ ಬೀದಿಯಲ್ಲಿ ತೆನೆಗಟ್ಟಿದ ಹುಲ್ಲಿಲ್ಲ, ಜೊಂಡಿಲ್ಲ, ಕರೆದರೆ ಓಗೊಡುವ ಹಿಂಡಿಲ್ಲ. ಪಂಜರದಲ್ಲಿ ಗರಿ ಮುರಿದ ಅಥವಾ ಬೇಕೆಂದೇ ರೆಕ್ಕೆ ಕತ್ತರಿಸಲ್ಪಟ್ಟ ಹಕ್ಕಿ ದೂರ ಹಾರಲಾರದು. ಕಾಗೆ, ಹದ್ದು, ಬೆಕ್ಕುಗಳಿಗೆ ಅದು ಸುಲಭದ ತುತ್ತು. ಅವುಗಳಿಂದ ತಪ್ಪಿಸಿಕೊಂಡರೆ ಮಾರಿದವನ ಬಲೆಗೇ ಮತ್ತೆ ಬಿದ್ದು ಮುಂದಿನ ಪರ್ವಕ್ಕೆ ಮರಳಿ ಬರಬಹುದು. ತಂದೆ ತಾಯಿ ಮಗು ಮೂವರೂ ಕಂಡದ್ದು ಬಿಡುಗಡೆಯ ಒಂದು ಕ್ಷಣ. ಹಕ್ಕಿಯ ಪಾಲಿಗೆ ಅದು ಒಂದು ದೀರ್ಘ ಯಾತನೆಯ ನಡುವಿನ ಗಳಿಗೆ.

ಇದರಲ್ಲಿ ಮನಸ್ಸಿಗೆ ಹೆಚ್ಚು ನಾಟುವ ಸಂಗತಿ ಕಾಲದ್ದು. ದಶಲಕ್ಷಣ ಪರ್ವ ಬರುವುದು ಭಾದ್ರಪದದಲ್ಲಿ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ, ತಮ್ಮ ಹೆಜ್ಜೆಯಿಂದ ಅವಕ್ಕೆ ಬಾಧೆಯಾಗಬಾರದೆಂದು ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ಚಾತುರ್ಮಾಸ ಕೈಗೊಂಡಿರುವ ಸಮಯವದು. ಕೆಂಪು ರಾಟವಾಳವೂ ಹಾಗೆಯೇ ಒಂದು ಪೊದೆಯನ್ನು ನೆಚ್ಚಿ ಗೂಡು ಕಟ್ಟುವ ಕಾಲ ಅದು. ಗಂಡು ತನ್ನ ಪೂರ್ಣ ಕೆಂಪಿನಲ್ಲಿರುವುದೂ, ಆದಕಾರಣ ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ತರುವುದೂ ಆಗಲೇ. ಆ ದಿನಗಳಲ್ಲಿ ಬಲೆಗೆ ಬಿದ್ದ ಹಕ್ಕಿಯ ಹಿಂದೆ ತಣ್ಣಗಾಗುವ ಮೊಟ್ಟೆಗಳೋ ಬಾಯ್ದೆರೆದ ಮರಿಗಳೋ ಇರಬಹುದು. ಸಕಲ ಜೀವಗಳಲ್ಲಿ ಕ್ಷಮೆ ಬೇಡುವ ಪರ್ವಕ್ಕಾಗಿ ಅವುಗಳ ತಂದೆಯನ್ನೋ ತಾಯಿಯನ್ನೋ ಹಿಡಿದು ತಂದಂತಾಗುತ್ತದೆ. ಯಾತನೆಗೆ ಕಾರಣವಾದ ಹಬ್ಬವೇ ಯಾತನೆಯಿಂದ ಬಿಡಿಸಿದೆನೆಂದು ಸಂತೋಷಪಡುವ ವಿಪರ್ಯಾಸ ಇಲ್ಲಿದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದಲ್ಲ. ಜೈನ ದರ್ಶನದಲ್ಲಿ ಭಾವವೇ ಪ್ರಧಾನವಲ್ಲವೇ? ಕೊಂಡವನ ಭಾವ ಶುದ್ಧವಾಗಿರುವಾಗ ಬಲೆ ಬೀಸಿದವನ ಪಾಪ ಇವನಿಗೆ ಹೇಗೆ ತಗಲೀತು? ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ಕನ್ನಡ ನಾಡಿನ ಜೈನರಿಗೆಲ್ಲ ಪರಿಚಿತ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು ಬಲಿಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಒಂದು ಪ್ರಾಣವೂ ಹೋಗದಿದ್ದರೂ ಕೊಲ್ಲುವ ಸಂಕಲ್ಪ ಇದ್ದುದರಿಂದ ತಾಯಿ ಮಗ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಬೇಕಾಯಿತು. ಪ್ರಾಣಘಾತವಿಲ್ಲದೆ ಭಾವಮಾತ್ರದಿಂದ ಪಾಪ ಬರುವುದಾದರೆ, ಪ್ರಾಣಘಾತವಿದ್ದೂ ಭಾವ ಶುದ್ಧವಾಗಿದ್ದಲ್ಲಿ ಪಾಪ ತಪ್ಪಬೇಕಲ್ಲವೇ ಎಂದು ಕೇಳಬಹುದು.

ಆಚಾರ್ಯರು ಇದಕ್ಕೆ ಅವಕಾಶವನ್ನೂ ಕೊಟ್ಟಿದ್ದಾರೆ, ಎಲ್ಲೆಯನ್ನೂ ಹಾಕಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದ ಜೊತೆಗೆ ಪ್ರಮಾದವನ್ನು ಸೇರಿಸಿದ್ದಾರೆ. ಎಚ್ಚರದಿಂದ ನೋಡಿ ನಡೆಯುವ ಮುನಿಯ ಕಾಲಡಿಗೆ ಅರಿಯದೆ ಒಂದು ಕ್ರಿಮಿ ಸಿಕ್ಕಿದರೆ ಅಲ್ಲಿ ಪ್ರಮಾದವಿಲ್ಲ. ಆದರೆ ನೋಡಿ ನಡೆಯಬೇಕಾದಲ್ಲಿ ನೋಡದೆ ನಡೆದರೆ, ಕ್ರಿಮಿ ಬದುಕಿ ಉಳಿದರೂ ಪ್ರಮಾದ ಪ್ರಮಾದವೇ. ಸದ್ಭಾವ ಎಂಬುದು ವಿಚಾರಿಸುವ ಹೊಣೆಯನ್ನು ಕಳೆಯುವುದಿಲ್ಲ. ಈ ಹಕ್ಕಿ ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳದೆ ಹಣ ಎಣಿಸಿದವನು ನೋಡಿ ನಡೆಯಬೇಕಾದಲ್ಲಿ ಕಣ್ಣು ಮುಚ್ಚಿ ನಡೆದಂತಾಯಿತು. ಅರಿಯದೆ ಹಿಂದೆ ಮಾಡಿದ್ದಕ್ಕೆ ಆಲೋಚನೆ, ಪ್ರತಿಕ್ರಮಣಗಳಿವೆ. ಅರಿತ ಮೇಲೂ ಮಾಡಿದರೆ ಭಾವಶುದ್ಧಿಯ ಮಾತು ಅಲ್ಲಿ ನಿಲ್ಲದು.

ಕರ್ಮಾಸ್ರವದ ದ್ವಾರಗಳನ್ನು ಎಣಿಸುವಾಗ ಶಾಸ್ತ್ರಕಾರರು ತೋರಿದ ಸೂಕ್ಷ್ಮತೆ ಇಲ್ಲಿ ನೆನೆಯತಕ್ಕದ್ದು. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳು. ಮನ, ವಚನ, ಕಾಯಗಳೆಂಬ ಮೂರು ಯೋಗಗಳು. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಆಗುತ್ತದೆ. ಬಲೆಗಾರನದು ಕೃತ. ಕೊಳ್ಳುವವನು ಬಲೆ ಬೀಸು ಎಂದು ಬಾಯಿಬಿಟ್ಟು ಹೇಳಿಲ್ಲ, ನಿಜ. ಆದರೆ ತಲೆಮಾರುಗಳಿಂದ ಅಂಗಡಿಯ ಗಲ್ಲದ ಮೇಲೆ ಕುಳಿತು ಬಂದ ಸಮಾಜಕ್ಕೆ ವ್ಯಾಪಾರದ ಮೊದಲ ಪಾಠವನ್ನು ಯಾರೂ ಕಲಿಸಬೇಕಾಗಿಲ್ಲ: ಖರ್ಚಾದ ಸರಕನ್ನು ವ್ಯಾಪಾರಿ ಮತ್ತೆ ತರಿಸುತ್ತಾನೆ, ಹಬ್ಬಕ್ಕೆ ಗಿರಾಕಿ ಬರುತ್ತಾನೆಂದು ಗೊತ್ತಿದ್ದರೆ ಮೊದಲೇ ತರಿಸಿಡುತ್ತಾನೆ. ಇಂದು ಖಾಲಿಯಾದ ಪಂಜರ ನಾಳೆ ತುಂಬಲೇಬೇಕಾದ ಪಂಜರ. ಹಣವೂ ಒಂದು ಬಗೆಯ ಮಾತು. ಅದು ಹೇಳುವುದು ಕಾರಿತದ ಭಾಷೆಯನ್ನೇ.

ಅಣುವ್ರತಗಳ ಅತಿಚಾರಗಳನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಅಂದರೆ ಜೀವಿಯನ್ನು ಕಟ್ಟಿಹಾಕುವುದು. ಕೊನೆಯದು ಅನ್ನಪಾನಗಳನ್ನು ತಡೆಯುವುದು. ಈ ವ್ಯಾಪಾರದಲ್ಲಿ ಇವೆರಡೂ ಇವೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳನನ್ನು ಪ್ರೇರಿಸುವುದು, ಕಳ್ಳನು ತಂದ ವಸ್ತುವನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಒಂದನ್ನು ಮತ್ತೊಂದೆಂದು ಹೇಳಿ ಮಾರುವುದು ಇವೂ ಸೇರಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗೆ ಬಲೆ ಹಾಕಿ ಹಿಡಿಯುವುದು ಬೇಟೆಯ ವ್ಯಾಖ್ಯೆಯೊಳಗೇ ಬರುತ್ತದೆ. ಹಾಗೆ ನಿಯಮ ಮೀರಿ ಹಿಡಿದ ಪ್ರಾಣಿ ರಾಜ್ಯದ ಸ್ವತ್ತು ಎಂದು ಅದರ 39ನೆಯ ಪ್ರಕರಣ ಹೇಳುತ್ತದೆ. ಭಾರತದ ಕಾಡುಹಕ್ಕಿಗಳ ವ್ಯಾಪಾರ 1990-91ರಿಂದ ಪೂರ್ಣವಾಗಿ ನಿಷಿದ್ಧವಾಗಿದೆ. ಅಂದಮೇಲೆ ಪಂಜರದ ರಾಟವಾಳಕ್ಕೆ ಹಣ ಕೊಡುವುದು, ಬಿಡಿಸುವ ಉದ್ದೇಶದಿಂದಲೇ ಆದರೂ, ಕದ್ದ ವಸ್ತುವನ್ನು ಕೊಳ್ಳುವುದಕ್ಕಿಂತ ಭಿನ್ನವಾಗದು. ಒಂದು ವ್ರತವನ್ನು ಅಲಂಕರಿಸಲು ಹೋಗಿ ಎರಡು ವ್ರತಗಳಿಗೆ ಕಲೆ ಹಚ್ಚಿದಂತಾಗುತ್ತದೆ.

ಹಾಗಾದರೆ ಬಂಧಿತ ಜೀವಗಳನ್ನು ಬಿಡಿಸಿದ ಮಹಾಪುರುಷರ ದೃಷ್ಟಾಂತಗಳು ಏನಾದವು? ಅವುಗಳನ್ನು ಸರಿಯಾಗಿ ನೋಡಿದರೆ ಈ ಪ್ರಶ್ನೆಗೆ ಅಲ್ಲಿಯೇ ಉತ್ತರವಿದೆ. ವಿವಾಹಕ್ಕೆ ರಥವೇರಿ ಹೊರಟ ನೇಮಿಕುಮಾರನ ಕಿವಿಗೆ ದೊಡ್ಡಿಯಲ್ಲಿ ಕೂಡಿದ್ದ ಪ್ರಾಣಿಗಳ ಆಕ್ರಂದನ ಬಿತ್ತು. ಆತನು ಮೊದಲು ಮಾಡಿದ್ದು ಅವನ್ನು ಏಕೆ ಕೂಡಿಹಾಕಿದ್ದಾರೆ ಎಂದು ಕೇಳಿದ್ದು. ನಿನ್ನ ಮದುವೆಯ ಔತಣಕ್ಕಾಗಿ ಎಂಬ ಉತ್ತರ ಬಂತು. ಆತನು ದೊಡ್ಡಿಯ ಒಡೆಯನಿಗೆ ಬೆಲೆ ಕೊಟ್ಟು ಮದುವೆಯ ಮಂಟಪಕ್ಕೆ ಮುಂದುವರಿಯಲಿಲ್ಲ. ಪ್ರಾಣಿಗಳು ಯಾವ ಕಾರಣಕ್ಕೆ ಬಂಧಿತವಾಗಿದ್ದವೋ ಆ ಕಾರಣವನ್ನೇ, ಅಂದರೆ ತನ್ನ ಮದುವೆಯನ್ನೇ, ತೊರೆದು ರಥವನ್ನು ಹಿಂದಿರುಗಿಸಿ ಗಿರಿನಾರದ ದಾರಿ ಹಿಡಿದನು. ಬಂಧನದ ಕಾರಣ ತಾನು ಎಂದು ತಿಳಿದ ಕ್ಷಣದಲ್ಲಿ ಆ ಕಾರಣವನ್ನು ಕಿತ್ತು ಹಾಕಿದ್ದೇ ಆತನ ಅಭಯದಾನ.

ಇತಿಹಾಸದ ಇನ್ನೊಂದು ದೃಷ್ಟಾಂತ ಹೀರವಿಜಯ ಸೂರಿಗಳದು. ಅಕ್ಬರನ ಆಹ್ವಾನದ ಮೇರೆಗೆ ಗುಜರಾತಿನಿಂದ ಬರಿಗಾಲಲ್ಲಿ ನಡೆದು ಬಂದ ಅವರು 1583ರಲ್ಲಿ ಫತೇಪುರ ಸೀಕ್ರಿಯಲ್ಲಿ ಬಾದಶಹನನ್ನು ಕಂಡರು. ಅವರ ಉಪದೇಶದಿಂದ ಪಂಜರದ ಹಕ್ಕಿಗಳು ಬಿಡುಗಡೆಯಾದವು, ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆ ನಿಂತಿತು. ಅಪರಿಗ್ರಹಿಯಾದ ಯತಿಯ ಕೈಯಲ್ಲಿ ಕೊಡಲು ಒಂದು ಕಾಸೂ ಇರಲಿಲ್ಲ. ಪಂಜರದ ಬಾಗಿಲು ತೆರೆಸಿದವನು ಪಂಜರದ ಒಡೆಯನೇ, ಆತನ ಮನಸ್ಸು ತಿರುಗಿದ್ದರಿಂದ. ಹಾಗೆ ತೆರೆದ ಬಾಗಿಲಿನಲ್ಲಿ ಮುಂದಿನ ಹಕ್ಕಿಯನ್ನು ಹಿಡಿಯಲು ಪ್ರೇರಣೆ ಇರಲಿಲ್ಲ. ಒಡೆಯನು ಬಿಡುವುದಕ್ಕೂ ಗಿರಾಕಿ ಬಿಡಿಸುವುದಕ್ಕೂ ಇರುವ ಅಂತರ ಇದು. ಮೊದಲನೆಯದರಲ್ಲಿ ಒಂದು ಪಂಜರ ಕಡಿಮೆಯಾಗುತ್ತದೆ. ಎರಡನೆಯದರಲ್ಲಿ ಪಂಜರಕ್ಕೆ ಬೆಲೆ ಬರುತ್ತದೆ.

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಕಷ್ಟ ಉಳಿಯುತ್ತದೆ. ಅದನ್ನು ಮರೆಮಾಚಿದರೆ ವಿಚಾರ ಅಪ್ರಾಮಾಣಿಕವಾದೀತು. ಕಣ್ಣೆದುರಿನ ಪಂಜರದಲ್ಲಿ ಈ ಹೊತ್ತು ನಡುಗುತ್ತಿರುವ ಹಕ್ಕಿಯ ಗತಿಯೇನು? ವ್ಯಾಪಾರದ ಸರಪಳಿ, ನಾಳಿನ ಬಲೆ ಇವೆಲ್ಲ ತರ್ಕದ ಮಾತು; ಅದರ ಎದೆಬಡಿತ ಮಾತ್ರ ಪ್ರತ್ಯಕ್ಷ. ಕೊಳ್ಳದೆ ಮುಂದೆ ನಡೆದರೆ ಅದು ಸಂಜೆಯೊಳಗೆ ಸಾಯಬಹುದು. ಮಗು ತಂದೆಯ ಕೈ ಜಗ್ಗಿ ಕೇಳುತ್ತದೆ: ಅಪ್ಪಾಜಿ, ಪಾಪ ಅಲ್ಲವೇ, ಬಿಡಿಸೋಣ. ಅನುಕಂಪೆ ಸಮ್ಯಗ್ದರ್ಶನದ ಲಕ್ಷಣಗಳಲ್ಲಿ ಒಂದು ಎಂದು ಬಲ್ಲ ತಂದೆ ಆ ಕೈಯನ್ನು ಹೇಗೆ ಕೊಡವಿಕೊಳ್ಳಬೇಕು?

ಕೊಡವಿಕೊಳ್ಳಬೇಕಾಗಿಲ್ಲ. ಆ ಕೈಯನ್ನು ಹಿಡಿದುಕೊಂಡು ಸ್ವಲ್ಪ ಹೆಚ್ಚು ಕಷ್ಟದ ದಾರಿಯಲ್ಲಿ ನಡೆಯಬೇಕಾಗುತ್ತದೆ. ಅರಣ್ಯ ಇಲಾಖೆಗೋ ಹತ್ತಿರದ ಠಾಣೆಗೋ ಸುದ್ದಿ ಮುಟ್ಟಿಸಿ, ಅವರು ಬರುವವರೆಗೆ ಅಲ್ಲಿಯೇ ನಿಲ್ಲುವುದು ಆ ದಾರಿ. ಹಣ ಕೊಟ್ಟರೆ ಒಂದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಅರ್ಧ ದಿನ ಹಿಡಿಯಬಹುದು; ಪೂಜೆಯ ವೇಳೆ ಮೀರಬಹುದು; ಮಾರುವವನ ಬೈಗುಳ ಕೇಳಬೇಕಾಗಬಹುದು. ಹೇಗೋ ಹಕ್ಕಿ ಕೈಗೆ ಬಂದಲ್ಲಿ 48 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಹೀಗೆ ಒಪ್ಪಿಸಿದ ಹಕ್ಕಿಗೆ ಶುಶ್ರೂಷೆ ನೀಡಿ, ರೆಕ್ಕೆ ಬಲಿತ ಮೇಲೆ ಹುಲ್ಲು ನೀರುಗಳಿರುವ ಜಾಗದಲ್ಲಿ ಅದರ ಹಿಂಡಿನೊಡನೆ ಬಿಡಲು ಸಾಧ್ಯವಾಗುತ್ತದೆ. ಕೆಲವು ವೇಳೆ ಈ ಪ್ರಯತ್ನ ವಿಫಲವಾಗುವುದೂ ಉಂಟು. ಆಗ ಒಂದು ಜೀವವನ್ನು ಉಳಿಸಲಾಗದ ನೋವನ್ನು ನೋವೆಂದೇ ಹೊತ್ತುಕೊಳ್ಳಬೇಕು. ಆ ನೋವನ್ನು ಹಣ ಕೊಟ್ಟು ನೀಗಿಕೊಳ್ಳುವುದು ಕೊಳ್ಳುವವನ ಸಮಾಧಾನಕ್ಕೆ ಮದ್ದು; ಅದರ ಬೆಲೆಯನ್ನು ತೆರುವುದು ಜೊಂಡಿನಲ್ಲಿ ಇನ್ನೂ ಸ್ವತಂತ್ರವಾಗಿ ಹಾಡುತ್ತಿರುವ ಇನ್ನೊಂದು ಹಕ್ಕಿ. ಕಣ್ಣಿಗೆ ಕಾಣದ ಜೀವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದಲೇ ಜೈನ ಅಹಿಂಸೆಗೆ ಲೋಕದಲ್ಲಿ ವಿಶಿಷ್ಟ ಸ್ಥಾನ ದೊರೆತಿದೆ. ನೀರಿನ ಹನಿಯಲ್ಲಿ ಕಾಣದ ಜೀವಗಳಿಗಾಗಿ ಬಟ್ಟೆಯಲ್ಲಿ ಸೋಸಿ ಕುಡಿಯುವ ಮನೆಯವರಿಗೆ, ಕಾಣದ ಹುಲ್ಲುಗಾವಲಿನ ಹಕ್ಕಿಯನ್ನು ನೆನೆಯುವುದು ಅಸಾಧ್ಯವಲ್ಲ.

ಬಲೆಗಾರನೂ ಒಂದು ಜೀವ ಎಂಬುದನ್ನು ಮರೆಯಲಾಗದು. ಅನೇಕ ವೇಳೆ ಬೇರೆ ಕಸುಬು ಕಾಣದ ಬಡವನೇ ಬಲೆ ಹಿಡಿಯುತ್ತಾನೆ. ಲಾಭದ ಹೆಚ್ಚಿನ ಪಾಲು ನಡುವಿನವರಿಗೆ ಹೋಗುತ್ತದೆ. ಅವನನ್ನು ದ್ವೇಷಿಸುವುದರಿಂದ ಹಕ್ಕಿಗೆ ಉಪಕಾರವಿಲ್ಲ. ಹಕ್ಕಿ ಕೊಳ್ಳಲು ಮೀಸಲಿಟ್ಟ ಹಣವನ್ನು ಅಂತಹ ಮನೆಯ ಮಕ್ಕಳ ಓದಿಗೋ, ಬೇರೆ ಕಸುಬು ಕಲಿಯುವುದಕ್ಕೋ ಒದಗಿಸಿದರೆ ಅದು ದಯಾದತ್ತಿಯ ಅರ್ಥಕ್ಕೆ ಹೆಚ್ಚು ಹತ್ತಿರವಾದೀತು. ಹಕ್ಕಿಗೂ ಹಕ್ಕಿ ಹಿಡಿಯುವವನಿಗೂ ಒಟ್ಟಿಗೆ ಅಭಯ ಸಿಗುವ ಮಾರ್ಗ ಇದು.

ಟ್ರಸ್ಟುಗಳಿಗೂ ಇಲ್ಲಿ ಕೆಲಸವಿದೆ. ದೆಹಲಿಯ ಚಾಂದನಿ ಚೌಕದ ಬಳಿಯ ಶ್ರೀ ದಿಗಂಬರ ಜೈನ ಲಾಲ್ ಮಂದಿರದಲ್ಲಿರುವ, 1929ರಲ್ಲಿ ಆರಂಭವಾಗಿ 1957ರಲ್ಲಿ ಈಗಿನ ಕಟ್ಟಡವನ್ನು ಪಡೆದ ಪಕ್ಷಿ ಚಿಕಿತ್ಸಾಲಯ ಲೋಕಪ್ರಸಿದ್ಧವಾಗಿದೆ. ಗಾಯಗೊಂಡ ಹಕ್ಕಿಗಳನ್ನು ಅಲ್ಲಿ ಬೆಲೆಯಿಲ್ಲದೆ ಉಪಚರಿಸಿ, ಗುಣವಾದ ಮೇಲೆ ಹಾರಬಿಡುತ್ತಾರೆ. ಅಲ್ಲಿ ಯಾವ ಹಕ್ಕಿಯೂ ಸರಕಲ್ಲ. ಎಲ್ಲ ಊರಿನಲ್ಲಿಯೂ ಅಂತಹ ಸಂಸ್ಥೆ ಕಟ್ಟಲಾಗದು. ಆದರೆ ಮಂದಿರದ ಆವರಣದಲ್ಲಿ ಹಕ್ಕಿ ಮಾರಾಟಕ್ಕೆ ಎಡೆಯಿಲ್ಲವೆಂದು ಒಂದು ಫಲಕ ಹಾಕಲು, ಪರ್ವಕ್ಕೆ ಮೊದಲಿನ ಸಭೆಯಲ್ಲಿ ಈ ಮಾತನ್ನು ಶ್ರಾವಕರಿಗೆ ತಿಳಿಸಲು ಹೆಚ್ಚು ಖರ್ಚಿಲ್ಲ. ಕರ್ನಾಟಕದ ಅನೇಕ ಬಸದಿಗಳ ಮಗ್ಗುಲಲ್ಲಿ ಕೆರೆಯೋ ಕಲ್ಯಾಣಿಯೋ ಇದೆ. ವರಂಗದ ಕೆರೆ ಬಸದಿಯಂತೂ ನೀರಿನ ನಡುವೆಯೇ ನಿಂತಿದೆ. ಇಂತಹ ಕಡೆ ನೀರಂಚಿನ ಒಂದು ತುಂಡು ಹುಲ್ಲನ್ನು ಮಳೆಗಾಲದಿಂದ ಚಳಿಗಾಲದವರೆಗೆ ಕತ್ತರಿಸದೆ, ಸುಡದೆ, ಔಷಧಿ ಸಿಂಪಡಿಸದೆ ಬಿಟ್ಟರೆ ಸಾಕು. ಪರ್ವದ ಮೊದಲು ಆವರಣವನ್ನು ಚೊಕ್ಕಟಗೊಳಿಸುವ ಉತ್ಸಾಹದಲ್ಲಿ ಗೂಡಿರುವ ಪೊದೆಯನ್ನು ಸವರದಿರುವುದೂ ಒಂದು ವ್ರತಪಾಲನೆ. ಏನನ್ನೂ ಮಾಡದೆ ಬಿಟ್ಟ ಆ ಜಾಗದಲ್ಲಿ ರಾಟವಾಳಕ್ಕೆ ಬೇಕಾದ ಆಹಾರ, ಮನೆ, ಹಿಂಡು ಎಲ್ಲವೂ ಒದಗುತ್ತವೆ. ಕೊಡುವುದಕ್ಕಿಂತ ಕಸಿದುಕೊಳ್ಳದಿರುವುದು ಹಿರಿದಾದ ದಾನ ಎಂಬ ಅರ್ಥ ಅಭಯ ಎಂಬ ಶಬ್ದದಲ್ಲಿಯೇ ಇದೆ.

ಭಾದ್ರಪದದ ಒಂದು ಬೆಳಿಗ್ಗೆ ಅಂತಹ ಹುಲ್ಲಿನಂಚಿಗೆ ತಂದೆ ಮಗುವನ್ನು ಕರೆತರಬಹುದು. ಸದ್ದಿಲ್ಲದೆ ಸ್ವಲ್ಪ ಹೊತ್ತು ನಿಂತರೆ ತೆನೆಯೊಂದು ಬಾಗುತ್ತದೆ. ಅದರ ಮೇಲೆ ಬಿಳಿಯ ಚುಕ್ಕೆಗಳ ಒಂದು ಕೆಂಪು ಹಕ್ಕಿ ಕುಳಿತು ಬೀಜ ಬಿಡಿಸುತ್ತದೆ. ಒಳಗಿನಿಂದ ಇನ್ನೊಂದು ದನಿಗೊಡುತ್ತದೆ. ಮಗು ಬಾಗಿಲು ತೆರೆಯಬೇಕಾಗಿಲ್ಲ, ಯಾರೂ ಹಣ ಎಣಿಸಬೇಕಾಗಿಲ್ಲ. ಹಕ್ಕಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತನ್ನ ಬೀಜದ ಕಡೆಗೆ ತಿರುಗಿದರೆ, ಅಲ್ಲಿ ನಿಂತ ಇಬ್ಬರೂ ಅದಕ್ಕೆ ಅಭಯವನ್ನು ಕೊಟ್ಟಿದ್ದಾರೆ ಎಂದು ತಿಳಿಯಬಹುದು.